ಟಿನ್‌ಟೈಪ್‌ನ ಬೂದು ಮುಸುಕು: ದೋಷ ಇದ್ದದ್ದು ಸಿಲ್ವರ್ ಬಾತ್‌ನಲ್ಲಿ

ಟಿನ್‌ಟೈಪ್ ಅಂದರೆ ಕಪ್ಪು ಲೇಪನದ ತೆಳು ಲೋಹದ ಪ್ಲೇಟಿನ ಮೇಲೆ ನೇರವಾಗಿ ಮೂಡಿಸುವ ಫೋಟೋ. ಫಿಕ್ಸರ್‌ನಿಂದ (ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ತೆಗೆದ ಪ್ರತಿ ಪ್ಲೇಟಿನ ಮೇಲೂ ತೆಳು ಬೂದು ಮುಸುಕು. ನೆರಳಿನ ಭಾಗ ಕಪ್ಪಾಗುತ್ತಲೇ ಇರಲಿಲ್ಲ. ಎಕ್ಸ್‌ಪೋಷರ್ ಅರ್ಧಕ್ಕಿಳಿಸಿದೆ, ಚಿತ್ರ ಮೂಡಿಸುವ ಡೆವಲಪರ್ ದ್ರಾವಣ ಹೊಸದಾಗಿ ತಯಾರಿಸಿದೆ, ಕೆಂಪು ದೀಪ ಬದಲಿಸಿದೆ. ಮುಸುಕು ಹೋಗಲಿಲ್ಲ.

ದಾರಿ ತೋರಿಸಿದ್ದು ಕ್ಯಾಮೆರಾ ಕಾಣದ ಪ್ಲೇಟು. ಕೊಲೋಡಿಯನ್ (ಪ್ಲೇಟಿನ ಮೇಲೆ ಪದರವಾಗುವ ಅಂಟು ದ್ರಾವಣ) ಸುರಿದು, ಅದನ್ನು ಬೆಳಕಿಗೆ ಸ್ಪಂದಿಸುವಂತೆ ಮಾಡುವ ಸಿಲ್ವರ್ ಬಾತ್‌ನಲ್ಲಿ 3 ನಿಮಿಷ ಇಟ್ಟು, ನೇರವಾಗಿ 15 ಸೆಕೆಂಡು ಡೆವಲಪ್ ಮಾಡಿ, ತೊಳೆದು, ಫಿಕ್ಸ್ ಮಾಡಿದೆ. ಅದಕ್ಕೂ ಮುಸುಕು ಬಂತು. ಅಂದರೆ ಲೆನ್ಸಿನದಾಗಲಿ ಹೋಲ್ಡರಿನದಾಗಲಿ ತಪ್ಪಲ್ಲ. ಪಿಎಚ್ ಪಟ್ಟಿ ಅದ್ದಿ ನೋಡಿದರೆ ಬಾತ್‌ನ ಪಿಎಚ್ 6 ದಾಟಿತ್ತು, ಅಂದರೆ ಆಮ್ಲೀಯತೆ ಸಾಲದಾಗಿತ್ತು.

9% ಸಿಲ್ವರ್ ನೈಟ್ರೇಟ್ ಬಾತ್‌ಗೆ ಸಾರರಿಕ್ತ ನೈಟ್ರಿಕ್ ಆಮ್ಲವನ್ನು ಒಂದೊಂದೇ ಹನಿ ಹಾಕಿ, ಪ್ರತಿ ಸಲ ಕಲಕಿ ಅಳೆಯುತ್ತಾ 4ಕ್ಕೆ ತಂದೆ. ಇಲ್ಲಿ ಅವಸರ ಬೇಡ. ಆಮ್ಲ ಹೆಚ್ಚಾದರೆ ಪ್ಲೇಟಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, ಕುಗ್ಗುತ್ತದೆ. ಕಣ್ಣಿಗೆ ರಕ್ಷಣಾ ಕನ್ನಡಕ, ಕೈಗವಸು ಕಡ್ಡಾಯ. ಅದೇ ಪರೀಕ್ಷೆ ಮತ್ತೆ ಮಾಡಿದಾಗ ಪ್ಲೇಟು ಅಚ್ಚ ಕಪ್ಪು.