ಮೀನುಗಾರರ ಊರಿನಲ್ಲಿ ಬಾಡಿಗೆ ಮನೆ: ಉಳಿಯಲು ಹೋಗುವವರಿಗೆ

ಕಾರವಾರದಿಂದ ಭಟ್ಕಳದವರೆಗಿನ ಹಳೆಯ ಮೀನುಗಾರರ ಊರುಗಳಲ್ಲಿ ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು ಇರುವ ಮನೆಗಳು ಪ್ರವಾಸಿಗರಿಗೆ ದಿನಬಾಡಿಗೆಗೆ ಸಿಗುತ್ತವೆ. ಇಂಥ ಮನೆಯ ಅಂಗಳ ದಾಟಿದರೆ ಸಿಗುವ ಮರಳು ಊರವರ ಕೆಲಸದ ಜಾಗ. ಅವರ ದಿನಚರಿಗೆ ಹೊಂದಿಕೊಳ್ಳುವ ಮನಸ್ಸಿದ್ದವರು ಮಾತ್ರ ಇಲ್ಲಿ ಮನೆ ಹಿಡಿಯಬೇಕು.

ಅಕ್ಟೋಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆಗ ಹಸಿಮೀನು ವಿರಳ. ಮಳೆಗಾಲದ ಆ ಕಡಲಿಗಿಳಿಯುವುದಂತೂ ಸಲ್ಲದು.

ಮನೆ ಒಪ್ಪುವ ಮೊದಲು ಬಾವಿಯ ಬಗ್ಗೆ ವಿಚಾರಿಸಿ. ಎಸಿ ಇದೆಯೇ ಎಂಬುದಕ್ಕಿಂತ ಅದು ಮುಖ್ಯ. ಮಳೆಯ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಕಡಲಂಚಿನ ಮರಳು ನೆಲದಡಿಯಲ್ಲಿ ಅದು ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಪಂಪನ್ನು ಒಂದೇ ಸಮನೆ ಓಡಿಸಿದರೆ ಮೇಲಿನ ಸಿಹಿ ತೀರಿ ಕೆಳಗಿನ ಉಪ್ಪು ಮೇಲೇರುತ್ತದೆ, ಮತ್ತು ಅದೇ ಬಾವಿಯನ್ನು ನಂಬಿದ ನೆರೆಮನೆಯವರ ಕೊಡಕ್ಕೂ ಉಪ್ಪೇ ಬರುತ್ತದೆ. ಸೋಪು ನೊರೆ ಕಟ್ಟದಿದ್ದರೆ, ಬೇಳೆ ಎಷ್ಟು ಹೊತ್ತಾದರೂ ಬೇಯದಿದ್ದರೆ ನೀರು ಕೆಡುತ್ತಿದೆಯೆಂದು ತಿಳಿದು ಪಂಪು ನಿಲ್ಲಿಸಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಕೆಟ್ಟಿನಲ್ಲೇ ಸ್ನಾನ ಮುಗಿಸುವುದು ಕನಿಷ್ಠ ಸೌಜನ್ಯ.

ಮರಳಿನಲ್ಲಿ ಹರಡಿದ ಬಲೆಯನ್ನೂ ಒಣಹಾಕಿದ ಸಿಗಡಿಯನ್ನೂ ಸುತ್ತುಹಾಕಿ ನಡೆಯಿರಿ. ದಡದಲ್ಲಿ ನಿಂತು ಹಲವರು ಸೇರಿ ಎಳೆಯುವ ದೊಡ್ಡ ಬಲೆ ರಂಪಣಿ; ಅದನ್ನು ಎಳೆಯುವಾಗ ಹಗ್ಗದ ದಾರಿಯಿಂದ ದೂರ ನಿಲ್ಲಿ. ಕರೆದರೆ ಮಾತ್ರ ಕೈಹಾಕಿ. ಮೀನನ್ನು ಬುಟ್ಟಿ ಹೊತ್ತು ಬರುವ ಹೆಂಗಸರಿಂದಲೇ ಕೊಳ್ಳಿ. ಬಂಗಡೆಯ ಕಿವಿರು ಎತ್ತಿದಾಗ ಒಳಗೆ ಕೆಂಪಾಗಿರಬೇಕು, ಕಣ್ಣು ಉಬ್ಬಿ ಹೊಳೆಯುತ್ತಿರಬೇಕು, ಬೆರಳೊತ್ತಿದ ಗುಳಿ ಕೂಡಲೇ ಮೇಲೇಳಬೇಕು. ಜುಮ್ಮನಕಾಯಿ (ನಾಲಿಗೆ ಜುಮ್ಮೆನಿಸುವ ಮಸಾಲೆಕಾಯಿ) ಹಾಕಿದ ಬಂಗಡೆ ಸಾರು ಮಾಡುವ ಬಗೆಯನ್ನು ಅವರನ್ನೇ ಕೇಳಿದರೆ ವಿವರವಾಗಿ ಹೇಳಿಕೊಡುತ್ತಾರೆ. ಮೀನು ಹೆಚ್ಚಿದ ಕಸವನ್ನು ಬಾವಿಕಟ್ಟೆಯ ಹತ್ತಿರ ಎಸೆಯದೆ, ಎಲ್ಲಿ ಹಾಕಬೇಕೆಂದು ಮನೆಯವರನ್ನು ಕೇಳಿಕೊಳ್ಳಿ.

ಅಘನಾಶಿನಿಯಂಥ ಅಳಿವೆಯ, ಅಂದರೆ ನದಿ ಕಡಲು ಸೇರುವ ಜಾಗದ, ದಡದಲ್ಲಿ ಉಳಿಯುವವರು ಉಬ್ಬರ ಇಳಿತದ ವೇಳೆಯನ್ನು ಪ್ರತಿದಿನ ವಿಚಾರಿಸಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ನಡೆಯದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ. ಇಳಿತದಲ್ಲಿ ಬಳಚು (ಚಿಪ್ಪುಮೀನು) ಆರಿಸುವವರ ಜೊತೆ ನೀರಿನ ನಡುವಿನ ದಿಬ್ಬಕ್ಕೆ ಹೋದರೆ, ಅವರು ಮರಳುವಾಗ ನೀವೂ ಮರಳಿ. ಬಾಲದಲ್ಲಿ ವಿಷದ ಮುಳ್ಳಿರುವ ಚಪ್ಪಟೆ ತೊರಕೆ ಮೀನು ಮರಳಿನಲ್ಲಿ ಹುದುಗಿರುವ ಸಾಧ್ಯತೆ ಇರುವುದರಿಂದ ಆಳವಿಲ್ಲದ ನೀರಿನಲ್ಲಿ ಕಾಲೆತ್ತಿಡದೆ ಎಳೆದುಕೊಂಡೇ ನಡೆಯಬೇಕು.

ಕೊಂಕಣ ರೈಲಿನ ನಿಲ್ದಾಣಗಳು ಹಲವೆಡೆ ಕಡಲತೀರದಿಂದ ಸಾಕಷ್ಟು ಒಳಗಿವೆ. ರಾತ್ರಿ ಇಳಿಯುವವರೂ ನಸುಕಿನಲ್ಲಿ ಹೊರಡುವವರೂ ಮನೆಯವರ ಮೂಲಕ ಹಿಂದಿನ ದಿನವೇ ಆಟೋ ಹೇಳಿಟ್ಟಿರಬೇಕು.