ಬ್ಯಾಟರಿ ಬದಲಿಸುವ ಮುನ್ನ ಚಾರ್ಜಿಂಗ್ ಪರೀಕ್ಷಿಸಿ

ಕಾರು ಸ್ಟಾರ್ಟ್ ಆಗದಿದ್ದರೆ ತಪ್ಪನ್ನೆಲ್ಲ ಬ್ಯಾಟರಿಯ ತಲೆಗೆ ಕಟ್ಟುವ ಮೊದಲು ವೋಲ್ಟೇಜ್ ಅಳೆಯುವ ಒಂದು ಮಲ್ಟಿಮೀಟರ್ ಹಿಡಿದು ನೋಡುವುದು ಒಳ್ಳೆಯದು. ಕೆಲವು ಗಂಟೆ ನಿಂತಿದ್ದ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಚಾರ್ಜ್ ಪೂರ್ಣವಾಗಿದೆ ಎಂದರ್ಥ, 12.2ರ ಆಸುಪಾಸಿನಲ್ಲಿದ್ದರೆ ಅರ್ಧದಷ್ಟು ಮಾತ್ರ ಉಳಿದಿದೆ. ಎಂಜಿನ್ ಓಡುತ್ತಿರುವಾಗ ಈ ಅಂಕಿ ಸಾಮಾನ್ಯವಾಗಿ 13.8ರಿಂದ 14.5ರೊಳಗೆ ಇರಬೇಕು. ಅಷ್ಟು ಏರದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ಜನರೇಟರ್), ಅದರ ಬೆಲ್ಟ್ ಅಥವಾ ವೈರಿಂಗ್ ಮೇಲೆ ಸಂಶಯ ಪಡಬೇಕು. 15 ದಾಟಿದರೆ ಆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರುವ ಸಾಧ್ಯತೆ ಹೆಚ್ಚು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜನ್ನು ಇಳಿಸುವುದುಂಟು, ಆದ್ದರಿಂದ ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ ಇನ್ನೊಮ್ಮೆ ಅಳೆಯಿರಿ.

ಹಲವರು ಬಿಟ್ಟುಬಿಡುವ ಪರೀಕ್ಷೆಯೊಂದಿದೆ. ಎಂಜಿನ್ ಓಡುತ್ತಿದ್ದು ಹೆಡ್‌ಲೈಟ್, ಬ್ಲೋವರ್ ಹಾಕಿರುವಾಗಲೇ ಮೀಟರಿನ ವೈರಿನ ಒಂದು ಮೊನೆಯನ್ನು ಬ್ಯಾಟರಿಯ ಸೀಸದ ಕಂಬದ ಮೇಲೂ ಇನ್ನೊಂದನ್ನು ಅದನ್ನು ಕಚ್ಚಿಕೊಂಡಿರುವ ಕ್ಲ್ಯಾಂಪಿನ ಮೇಲೂ ಇಟ್ಟರೆ ಅಂಕಿ ಬಹುತೇಕ ಸೊನ್ನೆಯಾಗಿರಬೇಕು. ಇಲ್ಲವಾದರೆ ಅವೆರಡರ ನಡುವೆ ಕೂತಿರುವ ಬಿಳಿ-ಹಸಿರು ಪುಡಿಯೇ ಕಳ್ಳ. ಎಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ಕ್ಲ್ಯಾಂಪ್ ಬಿಚ್ಚಿ ಉಜ್ಜಿ ಶುಚಿಗೊಳಿಸಿ. ಎಂಜಿನ್ ಓಡುವಾಗಲೇ ಟರ್ಮಿನಲ್ ಕಿತ್ತು ನೋಡುವ ಹಳೆಯ ಪದ್ಧತಿಯನ್ನು ಮಾತ್ರ ಖಂಡಿತ ಅನುಸರಿಸಬೇಡಿ. ಆಗ ಜಿಗಿಯುವ ವೋಲ್ಟೇಜ್ ಎಲೆಕ್ಟ್ರಾನಿಕ್ ಭಾಗಗಳನ್ನು ಸುಟ್ಟುಬಿಡಬಹುದು.