ಕುರಿ ಹೋದ ದಾರಿಯಲ್ಲೇ ಬೇನೆ: ಹಟ್ಟಿಯಿಂದ ಹಟ್ಟಿಗೆ ಹಬ್ಬುವುದನ್ನು ಲೆಕ್ಕ ಹಾಕುವ ಬಗೆ

ಮೊದಲು ಬೇನೆ ಆರಿಸಿಕೊಳ್ಳಿ. ಕುರಿ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ದಾಖಲೆ ಹಿಡಿದು ಬೇನೆ ಹಬ್ಬುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಾಗಾಟದ ಮಾದರಿ ಎಲ್ಲದಕ್ಕೂ ಒಗ್ಗುವುದಿಲ್ಲ. ಕರುಳುಬೇನೆ ಮೇವು ದಿಢೀರ್ ಬದಲಾದ ಹಿಂಡಿನೊಳಗೇ ಏಳುತ್ತದೆ, ಇನ್ನೊಂದು ಹಟ್ಟಿಯಿಂದ ಅಂಟಿ ಬರುವುದಿಲ್ಲ. ನೀಲಿನಾಲಿಗೆಯನ್ನು ಹಬ್ಬಿಸುವುದು ನುಸಿ. ಮಳೆ, ಕೆಸರಿನ ಲೆಕ್ಕ ಬಿಟ್ಟು ಬರೀ ಟಂಟಂ ಓಡಾಟ ಹಿಡಿದರೆ ಅದು ಕೈಗೆ ಸಿಗದು. ಕುರಿಯಿಂದ ಕುರಿಗೆ ಉಸಿರು, ಸಿಂಬಳದಿಂದ ನೇರ ದಾಟುವ ಪಿಪಿಆರ್ (ಕುರಿ, ಆಡುಗಳ ವೈರಸ್ ಬೇನೆ) ಈ ಕೆಲಸಕ್ಕೆ ಸರಿ. ಅದನ್ನೇ ಇಟ್ಟುಕೊಂಡು ಹೋಗೋಣ.

ಸಾಗಾಟದ ಜಾಲವನ್ನು ನಕ್ಷೆಯಾಗಿ ಬರೆಯುವಾಗ ಊರನ್ನು ಚುಕ್ಕಿ ಮಾಡಬೇಡಿ. ಕುಷ್ಟಗಿ, ಯಲಬುರ್ಗಾ ಕಡೆ ಒಂದೇ ಊರಲ್ಲಿ ಹಲವು ಹಟ್ಟಿ ಇರುತ್ತವೆ. ಒಂದರ ಕುರಿ ಇನ್ನೊಂದರ ಜೊತೆ ಬೆರೆಯದೆಯೂ ಇರಬಹುದು. ಒಂದು ಹಿಂಡು ಒಂದು ಚುಕ್ಕಿ. ಒಂದು ಸಾಗಾಟ ಒಂದು ಗೆರೆ, ಅದಕ್ಕೆ ದಿಕ್ಕು, ತಾರೀಖು ಎರಡೂ ಬೇಕು. ದಲ್ಲಾಳಿ ಎರಡು ಮೂರು ರಾತ್ರಿ ಕುರಿ ಕೂಡಿಹಾಕುವ ಶೆಡ್ಡೂ ಒಂದು ಚುಕ್ಕಿಯೇ. ಕಸಾಯಿಖಾನೆಗೆ ನೇರ ಹೋದ ಕುರಿಯ ಗೆರೆ ಅಲ್ಲಿಗೇ ಮುಗಿಯಿತು, ಅದು ಮುಂದೆ ಯಾರಿಗೂ ಅಂಟಿಸುವುದಿಲ್ಲ.

ಇನ್ನು ದಾಖಲೆ. ಆರು ಕಾಲಂ ಸಾಕು: ತಾರೀಖು, ಎಲ್ಲಿಂದ, ಎಲ್ಲಿಗೆ, ಕುರಿಯೋ ಆಡೋ, ಎಷ್ಟು, ಯಾಕೆ. ಕೊನೆಯದನ್ನು ಬಿಡುವವರೇ ಹೆಚ್ಚು. ಮಾರಾಟ, ಮಾರದೆ ವಾಪಸ್, ಬೀಜದ ಟಗರು ಕಡ, ಹೊಲದಲ್ಲಿ ಗೊಬ್ಬರಕ್ಕೆ ತರುಬಲು, ವಲಸೆ ಎಂದು ಬೇರೆ ಬೇರೆ ಬರೆಯಿರಿ. ಈ ಐದರಲ್ಲಿ ಮಾದರಿಯನ್ನು ಕೆಡಿಸುವುದು ಎರಡನೆಯದು. ಕುರಿಗಾರ ಸಂತೆಗೆ 12 ಮರಿ ಹೊಡೆದುಕೊಂಡು ಹೋಗಿ 7 ಮಾರಿ 5 ವಾಪಸ್ ತರುತ್ತಾನೆ. ಆ 5 ಬೆಳಗಿನಿಂದ ನೂರಾರು ಕುರಿಗಳ ನಡುವೆ ಮೂತಿ ಉಜ್ಜಿಕೊಂಡು ನಿಂತಿದ್ದು, ಸಂಜೆಗೆ ನೆಟ್ಟಗೆ ತಾಯಿ ಹಿಂಡು ಸೇರುತ್ತವೆ. ಚೀಟಿ ಹರಿಯುವುದು ಮಾರಿದ 7ಕ್ಕೆ ಮಾತ್ರ. ಆದ್ದರಿಂದ ಸಂತೆ ಕೂಡುವಾಗ ಕೇಳುವುದಕ್ಕಿಂತ ಸಂತೆ ಚದುರುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳಿ. 12 ಅಂಕಿಯ ಕಿವಿಯೋಲೆ ಇರುವ ದನ, ಎಮ್ಮೆಯ ಜಾಡು ಹಿಡಿಯಬಹುದು; ಕುರಿಯದ್ದು ಹೆಚ್ಚಾಗಿ ಬಾಯಿಮಾತು, ಇಲ್ಲವೇ ಬೆನ್ನ ಮೇಲಿನ ಬಣ್ಣದ ಗುರುತು.

ಊರ ಹೆಸರಿನ ಜೊತೆ ಎಲ್‌ಜಿಡಿ ಕೋಡ್ (ಸರ್ಕಾರ ಪ್ರತಿ ಊರಿಗೂ ಕೊಟ್ಟ ಸಂಖ್ಯೆ) ಹಾಕಿ. ಬಸಾಪುರ, ಹೊಸಹಳ್ಳಿ ಹೆಸರಿನ ಊರು ಒಂದಲ್ಲ, ಹತ್ತು. ಎರಡು ಬಸಾಪುರ ಒಂದೇ ಚುಕ್ಕಿಯಾದರೆ ಇಲ್ಲದ ದಾರಿಯೊಂದು ಹುಟ್ಟಿಕೊಳ್ಳುತ್ತದೆ.

ತಾರೀಖು ಯಾಕೆ ಬೇಕು ಅಂದರೆ, ಹೀಗೆ ಇಟ್ಟುಕೊಳ್ಳಿ: 3ನೇ ದಿನ ಯಲಬುರ್ಗಾದ ಹಟ್ಟಿ ಲಿಂಗಸುಗೂರಿನ ಹಟ್ಟಿಗೆ 6 ಮರಿ ಕೊಟ್ಟಿತು. 8ನೇ ದಿನ ಬೇನೆ ಬಿದ್ದ ಕುಷ್ಟಗಿಯ ಹಟ್ಟಿಯಿಂದ ಯಲಬುರ್ಗಾಕ್ಕೆ 5 ಬಂದವು. ನಕ್ಷೆಯಲ್ಲಿ ಗೆರೆ ಎಳೆದರೆ ಕುಷ್ಟಗಿಯ ಬೇನೆ ಲಿಂಗಸುಗೂರು ತಲುಪಿದಂತೆ ಕಾಣುತ್ತದೆ. ನಿಜಕ್ಕೂ ತಲುಪಿಲ್ಲ, ಆ 6 ಮರಿ ಮೊದಲೇ ಹೋಗಿದ್ದವು. ತಾರೀಖು ತೆಗೆದು ತಿಂಗಳ ಒಟ್ಟು ಮಾಡಿದ ಜಾಲ ಸಾಮಾನ್ಯವಾಗಿ ಬೇನೆಯನ್ನು ದೊಡ್ಡದು ಮಾಡಿ ತೋರಿಸುತ್ತದೆ.

ಸಂತೆಯನ್ನೂ ಹಟ್ಟಿಯಂತೆ ಕಾಯಂ ಚುಕ್ಕಿ ಮಾಡಿದರೆ ಇದೇ ತಪ್ಪು ಇನ್ನೊಂದು ರೂಪದಲ್ಲಿ ಬರುತ್ತದೆ: ಮಾದರಿಯಲ್ಲಿ ಹೋದ ವಾರದ ಸೋಂಕು ಅಲ್ಲೇ ಕೂತು ಈ ವಾರದ ಕುರಿಗೆ ಅಂಟುತ್ತದೆ. ನಿಜಕ್ಕೂ ಪಿಪಿಆರ್ ವೈರಸ್ ನಮ್ಮ ಬಿಸಿಲಿಗೆ ಹೊರಗೆ ಹೆಚ್ಚು ಹೊತ್ತು ಬಾಳುವುದಿಲ್ಲ. ಹಾಗಾಗಿ ಪ್ರತಿ ಸಂತೆ ದಿನಕ್ಕೂ ಹೊಸ ಚುಕ್ಕಿ ಹುಟ್ಟಿಸಿ, ಸಂಜೆಗೆ ಅಳಿಸಿ.

ಬೇನೆ ಬಿದ್ದ ಹಿಂಡಿನ ಕುರಿ ಬಂತು ಅಂದ ಮಾತ್ರಕ್ಕೆ ಬೇನೆ ಬಂದೇ ಬಂತು ಅಂತಲ್ಲ. ಆ ಹಿಂಡಿನಲ್ಲಿ ನೂರಕ್ಕೆ 10 ಕುರಿಗೆ ಸೋಂಕಿದ್ದರೆ, ಕೊಂಡ 5ರಲ್ಲಿ ಒಂದಾದರೂ ಸೋಂಕಿನದಾಗಿರುವ ಸಾಧ್ಯತೆ 1ರಿಂದ 0.9ರ ಐದನೇ ಘಾತ ಕಳೆದಷ್ಟು, ಅಂದರೆ 0.41. 20 ಕೊಂಡರೆ 0.88. ಎಷ್ಟು ಅನ್ನುವ ಕಾಲಂ ಬೇಕಾಗುವುದು ಇಲ್ಲೇ.

ಹಿಂಡಿನೊಳಗೆ ನಾಲ್ಕು ಗುಂಪು ಮಾಡಿ: ಇನ್ನೂ ತಗುಲದವು, ತಗುಲಿ ಒಳಗೇ ಬಲಿಯುತ್ತಿರುವವು, ಅಂಟಿಸುತ್ತಿರುವವು, ವಾಸಿಯಾದವು. ಸತ್ತವನ್ನು ಹಿಂಡಿನ ಲೆಕ್ಕದಿಂದಲೇ ತೆಗೆಯಿರಿ. ಪಿಪಿಆರ್ ಸಾಮಾನ್ಯವಾಗಿ 4ರಿಂದ 6 ದಿನ ಒಳಗೇ ಬಲಿಯುತ್ತದೆ. ಶುರುವಿಗೆ ಎರಡನೇ ಗುಂಪಿಗೆ 5 ದಿನ, ಮೂರನೆಯದಕ್ಕೆ 8 ದಿನ ಇಟ್ಟು, ಆಮೇಲೆ ಏರಿಳಿಸಿ ನೋಡಿ. ಎರಡನೇ ಗುಂಪಿನ ಕುರಿ ಕಣ್ಣಿಗೆ ಗಟ್ಟಿಮುಟ್ಟಾಗಿರುತ್ತದೆ, ಒಳ್ಳೆ ರೇಟಿಗೇ ಹೋಗುತ್ತದೆ. ದೂರ ಹೋಗುವುದೂ ಅದೇ. ಲಸಿಕೆ ಹಾಕಿದ ಹಿಂಡನ್ನು ವಾಸಿಯಾದ ಗುಂಪಿನಲ್ಲಿ ಇಡಿ. ಆದರೆ ಲಸಿಕೆಯ ನಂತರ ಹುಟ್ಟಿದ ಮರಿಗಳು ಮೊದಲ ಗುಂಪಿಗೇ ಸೇರಬೇಕು.

ಪ್ರತಿ ದಿನದ ಕ್ರಮ ಬದಲಿಸಬೇಡಿ: ಮೊದಲು ಸಾಗಾಟ, ನಂತರ ಹಿಂಡಿನೊಳಗಿನ ಅಂಟು, ಕೊನೆಗೆ ಗುಂಪಿನಿಂದ ಗುಂಪಿಗೆ ಬಡ್ತಿ. ನೂರು ಹಿಂಡಿನವರೆಗೆ ಎಕ್ಸೆಲ್‌ನಲ್ಲಿ ಹೇಗೋ ನಡೆಯುತ್ತದೆ. ಹೆಚ್ಚಾದರೆ ಆರ್ ಎಂಬ ಕಂಪ್ಯೂಟರ್ ಭಾಷೆಯ ಸಿಮ್‌ಇನ್ಫ್ (SimInf) ಎಂಬ, ಬೇನೆ ಹಬ್ಬುವ ಲೆಕ್ಕದ ಪ್ಯಾಕೇಜ್ ಬಳಸಿ. ಅದು ಇರುವುದಕ್ಕಿಂತ ಹೆಚ್ಚು ಕುರಿ ಸಾಗಿಸಲು ಹೇಳಿದರೆ ಅಲ್ಲೇ ನಿಂತು ಎರರ್ ಕೊಡುತ್ತದೆ. ಬೈದುಕೊಳ್ಳಬೇಡಿ, ಒಳ್ಳೆಯದೇ ಆಯಿತು: ನಿಮ್ಮ ದಾಖಲೆಯಲ್ಲಿ ಈಯ್ದ ಮರಿಗಳೋ ಕೊಂಡ ಕುರಿಗಳೋ ಬಿಟ್ಟುಹೋಗಿವೆ. ತಿರುಗಿ ಹೋಗಿ ಕೇಳಿ, ಸಂಖ್ಯೆ ತಿದ್ದಿ ಬಾಯಿ ಮುಚ್ಚಿಸಬೇಡಿ.

ಸುಗ್ಗಿಯಾದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗಳಲ್ಲಿ ಮೇಯುವ ಹಿಂಡುಗಳು ಒಂದೇ ಕಾಲುವೆಯಲ್ಲಿ ನೀರು ಕುಡಿಯುತ್ತವೆ. ಇಲ್ಲಿ ಕೊಡುಕೊಳ್ಳುವಿಕೆ ಇಲ್ಲ, ಬೆರಕೆ ಇದೆ. ಅಂತರ ಹೆಚ್ಚಿದಂತೆ ಇಳಿಯುವ ಚಿಕ್ಕದೊಂದು ಸಾಧ್ಯತೆಯನ್ನು ಅಕ್ಕಪಕ್ಕದ ಹಿಂಡುಗಳ ನಡುವೆ ಸೇರಿಸಿ. ಬಿಟ್ಟರೆ ಮಾದರಿ ಎಲ್ಲ ತಪ್ಪನ್ನೂ ಸಂತೆಯ ತಲೆಗೆ ಕಟ್ಟುತ್ತದೆ.

ಮಾದರಿ ಸಾಧ್ಯತೆಯ ಮೇಲೆ ನಡೆಯುವುದರಿಂದ ಒಂದು ಸಲ ಓಡಿಸಿ ನಂಬಬೇಡಿ, 1000 ಸಲ ಓಡಿಸಿ. ಸರಾಸರಿಯನ್ನೂ ನಂಬಬೇಡಿ. 600 ಸಲ ಬೇನೆ 1 ಹಟ್ಟಿಯಲ್ಲೇ ಆರಿ, 400 ಸಲ 16 ಹಟ್ಟಿಗೆ ಹಬ್ಬಿದರೆ ಸರಾಸರಿ 7. ಆ 7 ಒಂದು ಸಲವೂ ಆಗಿಲ್ಲ.

ಆಮೇಲೆ ಪ್ರಶ್ನೆ ಕೇಳಿ. ಸಂತೆಯನ್ನು ಬೇನೆ ಗೊತ್ತಾದ ದಿನವೇ ನಿಲ್ಲಿಸಿದರೆ? ಮೂರು ದಿನ, ಏಳು ದಿನ ತಡವಾದರೆ? ಬ್ರಿಟನ್ನಿನಲ್ಲಿ 2001ರ ಫೆಬ್ರುವರಿ 20ಕ್ಕೆ ಕಾಲುಬಾಯಿ ಬೇನೆ ದೃಢಪಟ್ಟಿತು, 23ಕ್ಕೆ ಸಾಗಾಟ ನಿಂತಿತು. ಅಷ್ಟರಲ್ಲಿ ಲಾಂಗ್‌ಟೌನ್ ಸಂತೆಯ ಕುರಿಗಳು ಬೇನೆ ಹೊತ್ತು ಚದುರಿಯಾಗಿತ್ತು. ಕೊಂಡ ಕುರಿಯನ್ನು 21 ದಿನ ಬೇರೆ ಕಟ್ಟಿದರೆ ಏನಾಗುತ್ತದೆ ಎಂದೂ ನೋಡಿ, ಆದರೆ ಎಲ್ಲರೂ ಕಟ್ಟುತ್ತಾರೆ ಎಂದು ಇಡಬೇಡಿ. ವಲಸೆ ಹಿಂಡಿಗೆ ಬೇರೆ ಕಟ್ಟಲು ಜಾಗವೇ ಇರುವುದಿಲ್ಲ. ಅರ್ಧ ಜನ, ಕಾಲು ಭಾಗ ಜನ ಕಟ್ಟಿದಾಗ ಏನು ಎಂದು ಓಡಿಸಿ.

ಹೋದ ವರ್ಷದ ತಿಂಗಳವಾರು ಸಾಗಾಟವನ್ನು ಈ ವರ್ಷಕ್ಕೆ ಹಾಗೇ ಹಾಕುವ ಮುನ್ನ ಕ್ಯಾಲೆಂಡರ್ ತೆಗೆಯಿರಿ. ಬಕ್ರೀದ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ, ಅದರ ಹಿಂದಿನ ವಾರಗಳ ಟಗರು, ಹೋತದ ಭರಾಟೆಯೂ ಅದರ ಜೊತೆಗೇ.